ಎಂಟಾಣೆ ಬೋಲ್ಟು, ಹದಿಮೂರರ ಸ್ಪ್ಯಾನರು

ನಮ್ಮ ಮನೆಗೆ ಕಾರು ಬಂದ ಮೇಲೆ ನಾವು ಎಲ್ಲಿಗೂ ಹೋಗುವುದು ನಿಂತುಹೋಯಿತು. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರೇನು ನಮ್ಮಪ್ಪನ ಜೊತೆ ಬಾಳಿದವರೇ. ಕಾರಿಲ್ಲದ ದಿನಗಳಲ್ಲಿ ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಿಂತರೆ, ಹಳೇಬೀಡು, ಬೇಲೂರು ದಾಟಿ ಊಟದ ಹೊತ್ತಿಗೆ ಅಮ್ಮನ ತವರು ಗೆಂಡೆಹಳ್ಳಿ ಸೇರುತ್ತಿದ್ದೆವು. ಬೇಲೂರಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು, ನನಗೆ ವಾಂತಿಯಾಗುತ್ತಿತ್ತು, ಅಮ್ಮನ ಸೀರೆ ಯಾರದೋ ಮೂಟೆಗೆ ಸಿಕ್ಕಿಕೊಳ್ಳುತ್ತಿತ್ತು, ಆದರೂ ಹೋಗಿ ಸೇರುತ್ತಿದ್ದೆವು. ವರ್ಷಕ್ಕೆ ಎರಡು ಸಲ, ತಪ್ಪದೆ. ಕಾರು ಬಂತು ನೋಡಿ, ಅಪ್ಪ ಬಸ್ಸಿನ ಮಾತೆತ್ತಲೂ ಬಿಡಲಿಲ್ಲ.

"ಮನೇಲಿ ಕಾರು ನಿಲ್ಲಿಸ್ಕೊಂಡು ಬಸ್ಸಲ್ಲಿ ಹೋದ್ರೆ ನೋಡಿದೋರು ಏನಂತಾರೆ? ಮೇಷ್ಟ್ರು ಶೋಕಿ ಮಾಡಕ್ಕೆ ಹೋಗಿ ಕೆಟ್ರು ಅಂತಾರೆ."

"ಕಾರು ಓಡಲ್ವಲ್ಲ," ಎನ್ನುತ್ತಿದ್ದಳು ಅಮ್ಮ.

"ಓಡುತ್ತೆ ಕಣೇ. ಇನ್ನೊಂದು ಎಂಟು ದಿನ ತಡಿ."

ಈ ಎಂಟು ದಿನ ಆಷಾಢದಲ್ಲಿ ಶುರುವಾಗಿ ದೀಪಾವಳಿ ಕಳೆದರೂ ಮುಗಿಯಲಿಲ್ಲ. ಬಾಣಾವರದ ಕಂಟ್ರಾಕ್ಟರೊಬ್ಬರು ಹೊಸ ಜೀಪು ತೆಗೆದುಕೊಂಡು, ತಮ್ಮ ಹಳೇ ಇಂಗ್ಲೆಂಡಿನ ಕಾರನ್ನು ಅಪ್ಪನಿಗೆ ದಾಟಿಸಿದ್ದರು. ಅವರ ಮಗನಿಗೆ ಅಪ್ಪ ಲೆಕ್ಕ ಹೇಳಿಕೊಟ್ಟು ಪಾಸು ಮಾಡಿಸಿದ್ದರಿಂದ ಹೆಚ್ಚು ಕಡಿಮೆ ಉಡುಗೊರೆಯ ಹಾಗೇ ಬಂದ ಕಾರು ಅದು. ಕಡು ಹಸಿರು ಬಣ್ಣ, ಗುಂಡಗಿನ ಬೆನ್ನು, ಒಳಗೆ ಕೂತರೆ ಹಳೇ ಚರ್ಮದ ವಾಸನೆ. ಅದನ್ನು ನಿಲ್ಲಿಸಲು ಹಿತ್ತಲಿನ ಕೊಟ್ಟಿಗೆ ಖಾಲಿಯಾಗಬೇಕಾಯಿತು. ಅಮ್ಮನ ಹಸು ಪಕ್ಕದ ಬೀದಿಯ ಮನೆಗೆ ಹೋಯಿತು. ಅಲ್ಲಿಂದ ಮುಂದೆ ನಾವು ಕೊಂಡ ಹಾಲು ಕುಡಿಯುವವರಾದೆವು, ಅದೂ ಲೀಟರಿನಲ್ಲಿ.

ಲೀಟರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆಗ ಆಣೆ ಹೋಗಿ ನಯಾ ಪೈಸೆ ಬಂದು ಕೆಲವು ವರ್ಷವಾಗಿತ್ತು, ಸೇರು ಹೋಗಿ ಕಿಲೋ ಬಂದಿತ್ತು. ಊರಿನವರೆಲ್ಲ ಹೊಸದನ್ನು ಬೈಯುತ್ತ ಹಳೆಯದರಲ್ಲೇ ವ್ಯವಹಾರ ಮಾಡುತ್ತಿದ್ದಾಗ, ದಶಮಾನ ಪದ್ಧತಿಯನ್ನು ಅರಸೀಕೆರೆಯಲ್ಲಿ ನೆಲೆಗೊಳಿಸುವ ಹೊಣೆಯನ್ನು ಅಪ್ಪ ತಮ್ಮ ಹೆಗಲಿಗೆ ತಾವೇ ಏರಿಸಿಕೊಂಡಿದ್ದರು. ಸಂತೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ಅಡುಗೆಮನೆಯ ಗೋಡೆಗೆ, ಹಳೆಯ ಅಳತೆಗೆ ಹೊಸದೆಷ್ಟು ಎನ್ನುವ ಕೈಬರಹದ ಒಂದು ಪಟ್ಟಿ ಅಂಟಿಸಿದ್ದರು. ಮನೆಯಲ್ಲಿ ಯಾರೂ ಪಾವು, ಸೇರು, ಆಣೆ, ಇಂಚು ಎನ್ನುವಂತಿಲ್ಲ. ಅಂದವರು ಆ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಹಾಲಿನ ನಂಜಮ್ಮ ಬಾಗಿಲಲ್ಲಿ ನಿಂತು "ಎಷ್ಟು ಪಾವಮ್ಮ" ಎಂದು ಕೇಳಿದರೆ ಅಮ್ಮ ಒಳಗೆ ತಿರುಗಿ ನೋಡಿ, ಅಪ್ಪ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳು ತೋರಿಸುತ್ತಿದ್ದಳು. ಹನ್ನೊಂದು ವರ್ಷದ ನನಗೆ ಆಗಲೇ ತಲೆ ಚಿಟ್ಟು ಹಿಡಿದಿತ್ತು. ಹಾಲು ಹಾಲೇ ತಾನೆ.

ಕಾರಿನ ಕಾಯಿಲೆ ದೊಡ್ಡದೇನಲ್ಲ. ಮೊದಲ ದಿನ ಕೆರೆ ಏರಿಯವರೆಗೂ ಹೋಗಿ ಕುದಿಯುವ ಪಾತ್ರೆಯ ಹಾಗೆ ಹೊಗೆಯಾಡಿ ನಿಂತಿತು. ಅಪ್ಪ ಕಾರಿನ ಜೊತೆ ಬಂದ ಪುಸ್ತಕ ತೆರೆದು ಕೂತು ಒಂದೇ ಸಂಜೆಗೆ ಕಾರಣ ಕಂಡುಹಿಡಿದರು. ಎಂಜಿನ್ನಿನ ಮುಂದೆ ಫ್ಯಾನು ತಿರುಗಿಸುವ ಬೆಲ್ಟು ಸಡಿಲವಾಗಿದೆ. ಬೆಲ್ಟು ಡೈನಮೋ ಮೇಲೆ ಹಾದುಹೋಗುತ್ತದೆ. ಡೈನಮೋವನ್ನು ಹಿಡಿದಿರುವ ಮೂರು ಬೋಲ್ಟು ಸಡಿಲಿಸಿ, ಅದನ್ನು ಒಂದು ಬೆರಳಿನಷ್ಟು ಹೊರಕ್ಕೆ ಎಳೆದು, ಮತ್ತೆ ಬಿಗಿದರೆ ಮುಗಿಯಿತು. ಇದನ್ನು ಅಪ್ಪ ನಮಗೆ ಊಟದ ಎಲೆಯ ಮೇಲೆ ಬಿಡಿಸಿ ತೋರಿಸಿದ್ದಾರೆ. ಚಿತ್ರಾನ್ನದ ಗುಡ್ಡೆ ಎಂಜಿನ್ನು, ಹಪ್ಪಳ ಫ್ಯಾನು, ಹುರುಳಿಕಾಯಿ ಬೆಲ್ಟು. ಒಂದು ಸಲವಲ್ಲ, ದಿನ ಬಿಟ್ಟು ದಿನ. ಅಮ್ಮನಿಗೂ ನನಗೂ ಆ ಮೂರು ಬೋಲ್ಟುಗಳು ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರ ಲಾರಿ ರಿಪೇರಿ ಮಾಡುವವರಿದ್ದರು. ಅವರನ್ನು ಕರೆಯೋಣ ಎಂದರೆ ಅಪ್ಪನಿಗೆ ಮೂಗಿನ ತುದಿಗೆ ಕೋಪ.

"ಮನೆ ಕಾರನ್ನ ಮನೇಲೇ ನೋಡ್ಕೋಬೇಕು. ಅದಕ್ಕೆ ಬೇಕಾದ ಹತಾರ ಮೊದಲು ಬರಲಿ."

ಹತಾರ ಆರಿಸುವುದಕ್ಕೆ ಶ್ರಾವಣ ಪೂರ್ತಿ ಹಿಡಿಯಿತು. ಅಪ್ಪ ಪಟ್ಟಿ ಮಾಡಿದರು, ಹರಿದರು, ಮತ್ತೆ ಮಾಡಿದರು. ಹೊಸದಾಗಿ ಕಾರಿಟ್ಟವನಿಗೆ ಕನಿಷ್ಠ ಏನೇನು ಬೇಕು ಎನ್ನುವುದನ್ನು ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಹಲ್ಲುಜ್ಜುತ್ತ ಅದರ ಮುಂದೆ ನಿಲ್ಲುತ್ತಿದ್ದರು. ಕೊನೆಗೊಂದು ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕೆಂಪು ತಗಡಿನ ಪೆಟ್ಟಿಗೆ ತಂದರು. ಒಳಗೆ ಸಾಲಾಗಿ ಹೊಳೆಯುವ ಸ್ಪ್ಯಾನರುಗಳು, ಪ್ರತಿಯೊಂದರ ಮೇಲೂ ಅಂಕಿ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಎಲ್ಲವೂ ಮಿಲಿಮೀಟರು.

"ಅಂಗಡಿಯವನು ಎರಡು ಪೆಟ್ಟಿಗೆ ಇಟ್ಟ. ಒಂದು ಇಂಚಿಂದು, ಇನ್ನೊಂದು ಇದು. ಯಾವ ಗಾಡಿ ಸಾರ್ ನಿಮ್ದು ಅಂತ ಕೇಳಿದ. ಗಾಡಿ ಯಾವುದಾದ್ರೇನಪ್ಪಾ, ದೇಶ ಒಂದೇ ತಾನೆ ಅಂದೆ. ಸುಮ್ಮನಾಗಿಬಿಟ್ಟ."

ಅಮ್ಮ ಹುಳಿ ಬಡಿಸುತ್ತಿದ್ದವಳು ಸೌಟು ಹಿಡಿದೇ ಕೇಳಿದಳು.

"ಏನೂಂದ್ರೆ, ಈ ಕಾರು ಮಾಡಿದ್ದು ಆಣೆ ಇದ್ದ ಕಾಲದಲ್ಲಿ ಅಲ್ವಾ?"

"ಅದಕ್ಕೇನೀಗ? ಕಬ್ಬಿಣಕ್ಕೆ ಆಣೆ ಪೈಸೆ ಗೊತ್ತಾಗುತ್ತಾ? ಬಡಿಸು."

ಅಮ್ಮ ಬಡಿಸಿದಳು. ಮಾರನೆಯ ದಿನ ಅಪ್ಪ ಕೊಟ್ಟಿಗೆಗೆ ಹೋಗಿ ಬೋಲ್ಟಿಗೆ ಹನ್ನೆರಡನ್ನು ಹಾಕಿದರು. ಹೋಗಲಿಲ್ಲ. ಹದಿಮೂರನ್ನು ಹಾಕಿದರು. ಹೋಯಿತು, ಆದರೆ ಗಟ್ಟಿಯಾಗಿ ಕೂರದೆ ಜಾರಿತು. ಒತ್ತಿ ತಿರುಗಿಸಿದರೆ ಬೋಲ್ಟಿನ ಮೂಲೆ ಸವೆಯಿತೇ ಹೊರತು ಬೋಲ್ಟು ಅಲುಗಲಿಲ್ಲ. ಅಪ್ಪ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದರು. ಆಮೇಲೆ ಎದ್ದು, ಬೋಲ್ಟೇ ಸರಿಯಿಲ್ಲ ಎಂದರು. ಹದಿಮೂರರ ಬಾಯಿಗೂ ಬೋಲ್ಟಿಗೂ ನಡುವೆ ಗಡ್ಡದ ಬ್ಲೇಡು ಸಿಕ್ಕಿಸಿ ನೋಡಿದರು, ಬೆರಳು ಕುಯ್ದುಕೊಂಡರು. ತಗಡಿನ ಚೂರು, ಸೈಕಲ್ ಟ್ಯೂಬಿನ ತುಂಡು, ನನ್ನ ಜಡೆಯ ಟೇಪು, ಏನೇನು ಸಿಕ್ಕಿಸಿದರೋ. ಆಯುಧಪೂಜೆಗೆ ಪೆಟ್ಟಿಗೆಯನ್ನು ನಡುಮನೆಯಲ್ಲಿ ದೇವರ ಪಟದ ಕೆಳಗಿಟ್ಟು, ಒಂದೊಂದು ಸ್ಪ್ಯಾನರಿಗೂ ಕುಂಕುಮ ಇಟ್ಟು ಮಂಗಳಾರತಿ ಎತ್ತಿದೆವು. ಕೆಲಸಕ್ಕೆ ಬಾರದ ಕಬ್ಬಿಣಕ್ಕೆ ಕೈಮುಗಿಯುವಾಗ ನನಗೆ ಎಷ್ಟು ಮೈ ಉರಿಯಿತೆಂದರೆ, ಕೋಸಂಬರಿ ಕೂಡ ರುಚಿಸಲಿಲ್ಲ.

ಇಷ್ಟಾದರೆ ನಗುತ್ತ ಹೇಳಬಹುದಿತ್ತು. ಆದರೆ ಗೆಂಡೆಹಳ್ಳಿಯಿಂದ ಕಾರ್ಡು ಬರುತ್ತಿತ್ತು. ಅಲ್ಲಿ ಅಮ್ಮನ ತಾಯಿ, ನನ್ನ ಅಜ್ಜಿ, ಮಾವನ ಜೊತೆ ಇದ್ದಳು. ಅಜ್ಜಿಗೆ ಕಣ್ಣು ಹೋಗುತ್ತಿತ್ತು. ಹಾಸನದ ಡಾಕ್ಟರು ಆಪರೇಷನ್ನು ಮಾಡಿ ಉಳಿಸುವ ಕಣ್ಣಲ್ಲ ಇದು ಎಂದಿದ್ದರಂತೆ. ಶ್ರಾವಣದಲ್ಲಿ ಬಂದ ಕಾರ್ಡಿನಲ್ಲಿ ಮಾವ ಎಡಗಣ್ಣು ಪೂರಾ ಮಂಜಾಯಿತು ಎಂದು ಬರೆದಿದ್ದರು. ನವರಾತ್ರಿಯ ಕಾರ್ಡಿನಲ್ಲಿ, ಬಲಗಣ್ಣಿಗೆ ಜನ ಕಾಣುತ್ತಾರೆ, ಹತ್ತಿರ ಬಂದರೆ ಮುಖ ತಿಳಿಯುತ್ತದೆ, ಶಾರದೆಯನ್ನೂ ಮಗುವನ್ನೂ ಒಂದು ಸಲ ನೋಡಬೇಕೆನ್ನುತ್ತಾಳೆ, ಕಾಣುವಾಗಲೇ ಬಂದು ಹೋಗಿ ಎಂದಿತ್ತು. ಶಾರದೆ ಎಂದರೆ ಅಮ್ಮ. ಆ ಕಾರ್ಡನ್ನು ಅವಳು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದಳು. ಒಗ್ಗರಣೆಗೆ ಕೈ ಹಾಕಿದಾಗಲೆಲ್ಲ ಅದು ಕಾಣುತ್ತಿತ್ತು. ದೀಪಾವಳಿಯ ಮರುದಿನ ಅವಳು ಟ್ರಂಕಿನಿಂದ ಸೀರೆ ತೆಗೆದು, ಬಸ್ಸಿಗೆ ಹೋಗುತ್ತೇನೆಂದು ಹೊರಟು ನಿಂತಳು. ಅಪ್ಪ ತಲೆಬಾಗಿಲಿಗೆ ಅಡ್ಡ ಬಂದರು.

"ನಾಡಿದ್ದು ಹೊರಡೋಣ. ಕಾರಲ್ಲೇ. ಖಂಡಿತ."

"ಈ ಮಾತು ಎಷ್ಟನೇ ಸಲ?"

"ನಿನಗೆ ನನ್ನ ಮಾತಿಗಿಂತ ಬಸ್ಸು ಹೆಚ್ಚಾಯ್ತಾ?"

ಇಂಥ ಪ್ರಶ್ನೆಗೆ ಆ ಕಾಲದ ಹೆಂಗಸು ಏನು ಹೇಳಬೇಕು. ಹೂಂ, ಹೆಚ್ಚಾಯ್ತು, ಅನ್ನಬೇಕಿತ್ತು. ಅಮ್ಮ ಸೀರೆಯನ್ನು ಮತ್ತೆ ಟ್ರಂಕಿಗೆ ಹಾಕಿದಳು. ಟ್ರಂಕಿನ ಮುಚ್ಚಳ ಹಾಕಿದ ಸದ್ದು ಮಾತ್ರ ಪಕ್ಕದ ಮನೆಗೂ ಕೇಳಿಸಿರಬೇಕು. ನಾಡಿದ್ದು ಬಂತು, ಹೋಯಿತು. ಕಾರು ಕೊಟ್ಟಿಗೆಯಲ್ಲೇ ಇತ್ತು.

ಅದಾದ ಒಂದು ವಾರಕ್ಕೆ, ಅಪ್ಪ ಸ್ಕೂಲಿಗೆ ಹೋದ ಮೇಲೆ, ಅಮ್ಮ ನನ್ನನ್ನು ಸ್ಕೂಲಿಗೆ ಕಳಿಸಲಿಲ್ಲ. ಹೊಟ್ಟೆನೋವು ಅಂತ ಹೇಳು ಅಂದಳು. ತೆಂಗಿನಗರಿಯ ಪೊರಕೆಯಿಂದ ಗಟ್ಟಿಯಾದ ನಾಲ್ಕು ಕಡ್ಡಿ ಎಳೆದುಕೊಂಡು ಕೊಟ್ಟಿಗೆಗೆ ಹೋದಳು. ನನಗೆ ಚಪ್ಪಲಿ ತರುವಾಗ ನನ್ನ ಕಾಲಿನ ಉದ್ದಕ್ಕೆ ಕಡ್ಡಿ ಮುರಿದು ಅಂಗಡಿಗೆ ಒಯ್ಯುತ್ತಿದ್ದಳಲ್ಲ, ಅದೇ ಕ್ರಮ. ಬೋಲ್ಟಿನ ತಲೆಯ ಈ ಮುಖದಿಂದ ಆ ಮುಖಕ್ಕೆ ಕಡ್ಡಿ ಹಿಡಿದು, ಉಗುರಿನಿಂದ ಗುರುತು ಮಾಡಿ, ಈಳಿಗೆಮಣೆಯಲ್ಲಿ ಕತ್ತರಿಸಿದಳು. ಡೈನಮೋದ ಮೂರು ಬೋಲ್ಟಿಗೂ ಒಂದೇ ಅಳತೆ. ಇರಲಿ ಎಂದು ಅಕ್ಕಪಕ್ಕದ ಚಿಕ್ಕ ದೊಡ್ಡ ಬೋಲ್ಟುಗಳಿಗೂ ಒಂದೊಂದು ಕಡ್ಡಿ ಕತ್ತರಿಸಿ, ಕರ್ಚೀಫಿನಲ್ಲಿ ಗಂಟು ಹಾಕಿ, ಸೆರಗಿಗೆ ಸಿಕ್ಕಿಸಿಕೊಂಡು ಹೊರಟಳು. ಹಿಂದೆ ನಾನು.

ಪೇಟೆಯಲ್ಲಿ ರುದ್ರಪ್ಪನವರ ಕಬ್ಬಿಣದ ಅಂಗಡಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತಾಡಿದರೆ ಮೆಲ್ಲಗೆ. ಹಗ್ಗ, ಮೊಳೆ, ಬಾವಿಯ ಗಡಗಡೆ, ತೆಂಗಿನಕಾಯಿ ಸುಲಿಯುವ ಕಬ್ಬಿಣ ಎಲ್ಲ ಅಲ್ಲೇ ಸಿಗುತ್ತಿದ್ದವು. ಮೂಲೆಯಲ್ಲಿ ಒಂದು ಗೋಣಿಯ ಮೇಲೆ ಹಳೇ ಹೊಸ ಸ್ಪ್ಯಾನರುಗಳ ರಾಶಿ. ಅಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡ್ಡಿ ತೆಗೆದು, ಒಂದೊಂದು ಸ್ಪ್ಯಾನರಿನ ಬಾಯಿಗೂ ಇಟ್ಟು ನೋಡತೊಡಗಿದಳು. ರುದ್ರಪ್ಪನವರು ತಕ್ಕಡಿ ಬಿಟ್ಟು ಎದ್ದು ಬಂದರು.

"ಏನ್ ಹುಡುಕ್ತಿದೀರಿ ಅಮ್ಮಾರೆ? ಯಾವ್ದಕ್ಕೆ ಬೇಕಿತ್ತು?"

"ಕಾರಿಗೆ. ಬಳೆ ಅಳತೆ ಲೆಕ್ಕದಲ್ಲಿ ಇದು ಎಂಟಾಣೆ ಬರುತ್ತೆ ಅಂತ ಕಾಣುತ್ತೆ."

ಬಳೆಗಾರರು ಎರಡು ಇಂಚಿನ ಮೇಲೆ ನಾಲ್ಕಾಣೆ, ಆರಾಣೆ ಎಂದು ಬಳೆಯ ಅಳತೆ ಹೇಳುತ್ತಿದ್ದರು. ಇಂಚಿಗೆ ಹದಿನಾರಾಣೆ. ರುದ್ರಪ್ಪನವರು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ನಾವು ನಾಲ್ಕು ನೂಲು ಅಂತೀವಿ. ನೀವು ಎಂಟಾಣೆ ಅಂದ್ರೂ ಅದೇಯ. ಅರ್ಧ ಇಂಚು. ಮೇಷ್ಟ್ರು ಬೆಂಗ್ಳೂರಿಂದ ದೊಡ್ ಪೆಟ್ಗೆ ತಂದವ್ರೆ ಅಂದ್ರಲ್ಲ?"

"ತಂದಿದಾರೆ. ಅದು ಪೂಜೆಗೆ."

ರುದ್ರಪ್ಪನವರು ನಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಈಗಲೂ ಗೌರವ. ಗೋಣಿಯ ಪಕ್ಕ ತಾವೂ ಕೂತು ಆರಿಸಿಕೊಟ್ಟರು.

"ಮನೆ ಕಾರ್ಗೆ ರಾಶಿ ಬ್ಯಾಡ ಕಣ್ರಮ್ಮ. ಮೊದ್ಲಿಗೆ ಆರು ಸಾಮಾನು ಸಾಕು. ಇದು ಒಂದ್ ಕಡೆ ಏಳಾಣೆ, ಇನ್ನೊಂದ್ ಕಡೆ ಎಂಟಾಣೆ. ಇದು ಎಂಟಾಣೆ, ಒಂಬತ್ತಾಣೆ. ಎಂಟಾಣೇದು ಎರಡಿರ್ಬೇಕು ನೋಡಿ. ಒಂದ್ರಲ್ಲಿ ಬೋಲ್ಟು ತಿರುಗಿಸ್ತೀರಿ, ಹಿಂದ್ಗಡೆ ನಟ್ಟೂ ಸುತ್ತಕೊಂಡ್ ಬತ್ತದೆ, ಅದ್ನ ಇನ್ನೊಂದ್ರಲ್ಲಿ ಹಿಡ್ಕಬೇಕು. ಎಲ್ಲಾ ಒಂದೊಂದೇ ತಗೊಂಡು ಕೆಡ್ತಾರೆ ಜನ. ಆಮೇಲೆ ಇದು ಹತ್ತಾಣೆ. ಒಂದು ಇಕ್ಕಳ, ಒಂದು ತಿರುಪುಳಿ, ಒಂದು ಪ್ಲಗ್ ಬಿಚ್ಚೋದು. ಇಷ್ಟ್ರಲ್ಲಿ ಕಾರು ಓಡ್ತೈತೆ. ಓಡ್ಲಿಲ್ಲ ಅಂದ್ರೆ ವಾಪಸ್ ತಂದ್ಬುಡಿ."

ಹರಕು ಗೋಣಿಯ ಚೂರಿನಲ್ಲಿ ಸುತ್ತಿಸಿಕೊಂಡು ಬಂದೆವು. ಅಪ್ಪನ ಪೆನ್ಸಿಲಿನ ಪಟ್ಟಿಯಲ್ಲಿ ಮೂವತ್ತೊಂದು ಸಾಮಾನುಗಳಿದ್ದವು. ಬೇಕಾಗಿದ್ದು ಆರು, ನೆರವಾದದ್ದು ಎರಡು. ನನ್ನ ಕೈ ಚಿಕ್ಕದಾದ್ದರಿಂದ ಹಿಂದುಗಡೆಯ ನಟ್ಟು ಹಿಡಿಯುವ ಕೆಲಸ ನನ್ನದಾಯಿತು. ಅಮ್ಮ ಸೆರಗು ಬಿಗಿದು ಮುಂದೆ ನಿಂತಳು. ಮೂಲೆ ಸವೆದಿದ್ದರೂ ಸ್ಪ್ಯಾನರು ಗಟ್ಟಿಯಾಗಿ ಕಚ್ಚಿಕೊಂಡಿತು. ಅಮ್ಮ ಎರಡೂ ಕೈಯಲ್ಲಿ ಒತ್ತಿದಳು, ಕಿರ್ರೆಂದು ಬೋಲ್ಟು ಬಿಟ್ಟುಕೊಂಡಿತು, ಅದರ ಹಿಂದೆ ಮಿಕ್ಕೆರಡೂ. ಅಷ್ಟೇ. ಅಷ್ಟಕ್ಕೆ ನಾಲ್ಕು ತಿಂಗಳು. ಅಮ್ಮ ಲಟ್ಟಣಿಗೆಯನ್ನು ಸಂದಿಗೆ ಹಾಕಿ ಡೈನಮೋವನ್ನು ಹೊರಕ್ಕೆ ಮೀಟಿ ಹಿಡಿದಳು, ನಾನು ಬೋಲ್ಟು ಬಿಗಿದೆ. ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದಾಗ ಅದು ತಂಬೂರಿಯ ತಂತಿಯ ಹಾಗೆ ಬಿಗಿಯಾಗಿತ್ತು. ನನಗೆ ಆದ ಸಂತೋಷ ಹೇಳತೀರದು. ಆಮೇಲಿನ ಬಾಳಿನಲ್ಲಿ ಮಿಕ್ಸಿಯಿಂದ ಬಾವಿಯ ಪಂಪಿನವರೆಗೆ ಏನು ಕೆಟ್ಟರೂ ನಾನೇ ಬಿಚ್ಚಿ ಕೂರುವ ಹುಚ್ಚು ಹತ್ತಿದ್ದು ಅವತ್ತು.

ಅಮ್ಮ ಸೀಗೆಪುಡಿಯಲ್ಲಿ ಕೈ ತೊಳೆದು, ಗೋಣಿಯ ಗಂಟನ್ನು ಅಕ್ಕಿ ಡ್ರಮ್ಮಿನ ಹಿಂದೆ ತಳ್ಳಿದಳು.

"ಅಪ್ಪನಿಗೆ ಹೇಳಬೇಡ."

"ಯಾಕೆ? ನಾವೇ ಮಾಡಿದ್ದಲ್ವಾ?"

"ಹೇಳಿದ್ರೆ ಇಂಚಿಂದು ಯಾಕೆ ಮುಟ್ಟಿದೆ ಅಂತ ಶುರು ಮಾಡ್ತಾರೆ. ಅದು ಮುಗಿಯೋಕೆ ಸಂಕ್ರಾಂತಿ ಬರುತ್ತೆ. ನಾನು ಊರಿಗೆ ಹೋಗ್ಬೇಕು ಕಣೇ."

ಸಂಜೆ ಅಪ್ಪ ಬಂದು, ಎಂದಿನ ಹಾಗೆ ಕೆಂಪು ಪೆಟ್ಟಿಗೆ ಹಿಡಿದು ಕೊಟ್ಟಿಗೆಗೆ ಹೋದರು. ಒಂದಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಕಾರು ಶುರುವಾಯಿತು, ಬೀದಿಗೆ ಬಂತು, ಕೆರೆ ಏರಿ ಸುತ್ತಿ ವಾಪಸು ಬಂತು. ಹೊಗೆಯಿಲ್ಲ. ಅಪ್ಪ ಇಳಿದು ಹದಿಮೂರರ ಸ್ಪ್ಯಾನರನ್ನು ಮೇಲಕ್ಕೆತ್ತಿ ತೋರಿಸಿದರು.

"ನೋಡಿದ್ರಾ? ತಾಳ್ಮೆ ಬೇಕು ಅಂತಿದ್ದೆ."

ನಾನು ಬಾಯಿ ತೆರೆದೆ. ಅಮ್ಮ ಹಿಂದಿನಿಂದ ತೋಳಿಗೆ ಚಿವುಟಿದ ಗುರುತು ಮೂರು ದಿನ ಇತ್ತು. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳದೆ ಇರಲು ನನಗೆ ಇವತ್ತಿಗೂ ಆಗುವುದಿಲ್ಲ. ಅದರಿಂದ ಕೆಲಸ ಕೆಟ್ಟಿದೆ, ನೆಂಟಸ್ತಿಕೆ ಕೆಟ್ಟಿದೆ. ಈ ಗುಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಅಂದು ಸಂಜೆ ಬಾಯಿ ಮುಚ್ಚಿಕೊಂಡು ನುಂಗಿದ್ದರಿಂದ ಬಂತು ಎನ್ನುತ್ತೇನೆ.

ಆ ಭಾನುವಾರ ಹೊರಟೆವು. ದಾರಿಯುದ್ದಕ್ಕೂ ಅಪ್ಪನ ಮಾತೇ ಮಾತು. ಕಿಲೋಮೀಟರು, ಲೀಟರು, ಎಂಜಿನ್ನಿನ ಬಿಸಿ. ಹಳೇಬೀಡಿನಲ್ಲಿ ಕಾರು ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿ, ಸುತ್ತ ನೆರೆದವರಿಗೆ ಬೆಲ್ಟಿನ ವಿಷಯ ವಿವರಿಸಿದರು. ಅಮ್ಮ ಬೇಲೂರು ದಾಟಿದ ಮೇಲೆ ತಲೆ ಬಾಚಿಕೊಂಡಳು, ಮುಖ ಒರೆಸಿಕೊಂಡು ಹೊಸದಾಗಿ ಕುಂಕುಮ ಇಟ್ಟುಕೊಂಡಳು, ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಅಜ್ಜಿ ನೋಡಲಿ ಎಂದು.

ಅಜ್ಜಿ ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಕಾರು ನಿಂತ ಸದ್ದಿಗೆ ಮುಖ ಎತ್ತಿದಳು, ಆದರೆ ಮುಖ ನಮ್ಮ ಕಡೆಗಿರಲಿಲ್ಲ, ತುಸು ಪಕ್ಕದ ಬೇಲಿಯ ಕಡೆಗಿತ್ತು. ಅಮ್ಮ ಓಡಿಹೋಗಿ ಕಾಲ ಬಳಿ ಕೂತಳು. ಅಜ್ಜಿ ಅವಳ ತಲೆ, ಕಿವಿ, ಕೆನ್ನೆಯ ಮೇಲೆ ಕೈಯಾಡಿಸಿದಳು.

"ಶಾರೂ. ಬಂದ್ಯೇನೇ. ಮುಖ ಸಣ್ಣಗಾಗಿದೆಯಲ್ಲೇ."

"ಅಮ್ಮಾ, ಕಾಣ್ತಾ ಇದೆಯಾ?"

"ಇಲ್ಲ ಕಣೇ. ದೀಪಾವಳಿ ತನಕ ಅಷ್ಟಿಷ್ಟು ಕಾಣ್ತಿತ್ತು. ಈಗ ಹಗಲು ರಾತ್ರಿ ಗೊತ್ತಾಗುತ್ತೆ, ಅಷ್ಟೆ. ಕಾರು ತಗೊಂಡ್ರಂತಲ್ಲ, ಅದರಲ್ಲೇ ಬಂದ್ರಾ? ಯಾವ ಬಣ್ಣದ್ದೇ?"

ಅಮ್ಮ ತಿರುಗಿ ಅಪ್ಪನನ್ನು ನೋಡಿದಳು. ಅವರು ಕೀಲಿಕೈ ಹಿಡಿದು ಅಂಗಳದಲ್ಲೇ ನಿಂತಿದ್ದರು. "ಹಸಿರು, ಅತ್ತೆ" ಎಂದರು. ಹೇಳಿ, ಕಾರಿನ ಹತ್ತಿರ ಹೋಗಿ ನಿಂತುಬಿಟ್ಟರು. ನಾನು ಹಿಂದೆಯೇ ಹೋದೆ. ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ಬೆಲ್ಟು ಬಿಗಿದಿದ್ದು ನೀವಲ್ಲ. ಅಮ್ಮ, ನಾನು. ರುದ್ರಪ್ಪನವರ ಅಂಗಡಿಯ ಎಂಟಾಣೆ ಸ್ಪ್ಯಾನರಲ್ಲಿ. ನಿಮ್ಮ ಪೆಟ್ಟಿಗೆ ಈ ಕಾರಿಗೆ ಆಗೋದೇ ಇಲ್ಲ."

ಬೈಯುತ್ತಾರೆ ಎಂದುಕೊಂಡೆ. ಕಡೆಗೆ ಮನೆಗೆ ಹೋದ ಮೇಲೆ ಅಡುಗೆಮನೆಯ ಪಟ್ಟಿಯನ್ನಾದರೂ ಓದಿಸುತ್ತಾರೆ ಎಂದುಕೊಂಡೆ. ಅಪ್ಪ ಕಾರಿನ ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸುತ್ತಿದ್ದರು.

"ಗೊತ್ತು," ಎಂದರು.

"ಏನು ಗೊತ್ತು?"

"ಪೆಟ್ಟಿಗೆ ಆಗಲ್ಲ ಅಂತ. ಅರ್ಧ ಇಂಚಿಗೆ ಹನ್ನೆರಡು ಬಿಂದು ಏಳು ಮಿಲಿಮೀಟರು. ಹದಿಮೂರು ಜಾರೇ ಜಾರುತ್ತೆ."

"ಯಾವತ್ತಿಂದ ಗೊತ್ತು ನಿಮಗೆ?"

ಅಪ್ಪ ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಬಿಡದೆ ಇನ್ನೊಮ್ಮೆ ಕೇಳಿದೆ.

"ಹದಿಮೂರು ಜಾರಿದ ಮೊದಲನೇ ದಿನದಿಂದ," ಎಂದರು. ನನ್ನ ಕಡೆ ನೋಡಲಿಲ್ಲ.

ಜಗುಲಿಯ ಮೇಲೆ ಅಜ್ಜಿ, ಯಾವ ಸೀರೆ ಉಟ್ಟಿದ್ದೀಯೇ ಎಂದು ಕೇಳುತ್ತಿದ್ದಳು. ಅಮ್ಮ ಹೇಳುತ್ತಿದ್ದಳು. ಬದನೆ ಹೂವಿನ ಬಣ್ಣ ಕಣಮ್ಮ, ಅಂಚು ಹಳದಿ. ಕೂದಲು ಹಣೆಯ ಹತ್ತಿರ ನಾಲ್ಕು ನೆರೆತಿದೆ. ಮಗು ನನ್ನ ಭುಜದವರೆಗೂ ಬಂದಿದಾಳೆ, ಮೂಗು ಮಾತ್ರ ನಿನ್ನದೇ. ಅಜ್ಜಿ ಒಂದೊಂದಕ್ಕೂ ಹೂಂ ಎನ್ನುತ್ತ, ಮತ್ತೆ, ಮತ್ತೆ, ಎಂದು ಕೇಳುತ್ತಿದ್ದಳು. ಅದು ಅಂಗಳದವರೆಗೂ ಚೆನ್ನಾಗಿ ಕೇಳಿಸುತ್ತಿತ್ತು. ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು.